ಉಳಿಕೆಯ ಪ್ರಶ್ನೆ: ಅನಂತ ಗಣಗಳ ಕುರಿತ ಕೆಲವು ತಪ್ಪು ಗ್ರಹಿಕೆಗಳ ಮೇಲೊಂದು ಟಿಪ್ಪಣಿ

1. ವ್ಯಾಪ್ತಿ

ಅನಂತ ಗಣಗಳ ಬಗ್ಗೆ ಪಠ್ಯಪುಸ್ತಕಗಳಲ್ಲೂ ಜನಪ್ರಿಯ ವಿಜ್ಞಾನ ಬರಹಗಳಲ್ಲೂ ಮತ್ತೆ ಮತ್ತೆ ಕಾಣಿಸುವ ತಪ್ಪುಗಳು ಎರಡು ಬಗೆಯವು. ಕೆಲವು ಗಣಿತದ ತಪ್ಪುಗಳು. ಉಳಿದವು ಯಾರು, ಯಾವ ವರ್ಷ, ಯಾವ ಲೇಖನದಲ್ಲಿ ಏನನ್ನು ಸಾಧಿಸಿದರು ಎಂಬ ವಿಷಯದವು. ಎರಡನೆಯ ಬಗೆಯವು ನಿರಪಾಯಕಾರಿ ಎಂದು ತೋರಬಹುದು. ಆದರೆ ಕೆಲವು ಕಡೆಯಾದರೂ ಅವೇ ಮೊದಲನೆಯವಕ್ಕೆ ದಾರಿ ಮಾಡಿಕೊಟ್ಟಿವೆ ಎಂಬುದು ಈ ಟಿಪ್ಪಣಿಯ ಸೀಮಿತ ವಾದ. ಕೇಂದ್ರದಲ್ಲಿರುವ ಪ್ರಶ್ನೆ ಒಂದೇ: ಎರಡು ಗಣಗಳ ಸದಸ್ಯರನ್ನು ಜೋಡಿ ಮಾಡುತ್ತ ಹೋದಾಗ ಒಂದು ಕಡೆ ಉಳಿಕೆ ಕಂಡರೆ, ಆ ಉಳಿಕೆಯಿಂದ ಏನನ್ನು ತೀರ್ಮಾನಿಸಬಹುದು?

ಪರಿಭಾಷೆಯ ವಿಷಯ. ಯಾವ ಸದಸ್ಯವೂ ಎರಡು ಸಲ ಬಳಕೆಯಾಗದೆ, ಎರಡೂ ಕಡೆ ಏನೂ ಉಳಿಯದೆ ಆಗುವ ಜೋಡಣೆಯನ್ನು ‘ಒಂದಕ್ಕೊಂದು ಹೊಂದಿಕೆ’ ಎಂದು ಕರೆದಿದೆ. 1, 2, 3, ... ಎಂಬ ಸ್ವಾಭಾವಿಕ ಸಂಖ್ಯೆಗಳೊಡನೆ ಹಾಗೆ ಹೊಂದುವ ಗಣ ‘ಎಣಿಸಬಲ್ಲ’ ಗಣ. ಅನಂತವಾಗಿದ್ದೂ ಹಾಗೆ ಹೊಂದದಿರುವುದು ‘ಎಣಿಕೆಗೆ ಒಗ್ಗದ’ ಗಣ. ಇಲ್ಲಿ ‘ಅಸಂಖ್ಯಾತ’ ಎಂಬ ಸುಲಭದ ಪದವನ್ನು ಬಿಟ್ಟಿರುವುದು ಉದ್ದೇಶಪೂರ್ವಕ. ಕಾರಣ 8ನೇ ಭಾಗದಲ್ಲಿದೆ.

2. ಉಳಿಕೆ: 1638, 1851, 1878

ಗೆಲಿಲಿಯೊ 1638ರ ಸಂವಾದಗ್ರಂಥದಲ್ಲಿ 1, 4, 9, 16 ಮುಂತಾದ ವರ್ಗಸಂಖ್ಯೆಗಳನ್ನು ಅವುಗಳ ಮೂಲಗಳೊಡನೆ ಜೋಡಿಸುತ್ತಾನೆ. ಒಂದು ಜೋಡಣೆಯಲ್ಲಿ (ಪ್ರತಿ ವರ್ಗಸಂಖ್ಯೆಗೂ ಅದೇ ಸಂಖ್ಯೆಯನ್ನು ಕೊಟ್ಟಾಗ) 2, 3, 5 ಮುಂತಾದವು ಉಳಿಯುತ್ತವೆ. ಇನ್ನೊಂದರಲ್ಲಿ (ಪ್ರತಿ ಸಂಖ್ಯೆಗೂ ಅದರ ವರ್ಗವನ್ನು ಕೊಟ್ಟಾಗ) ಏನೂ ಉಳಿಯುವುದಿಲ್ಲ. ಇದರಿಂದ ಗೆಲಿಲಿಯೊ ‘ಎರಡೂ ಸಮ’ ಎಂದು ತೀರ್ಮಾನಿಸಿದನೆಂದು ಬರೆಯುವ ರೂಢಿಯಿದೆ. ಅದು ಸರಿಯಲ್ಲ. ಸಮ, ಹೆಚ್ಚು, ಕಡಿಮೆ ಎಂಬ ಮಾತುಗಳು ಅನಂತಕ್ಕೆ ಅನ್ವಯಿಸುವುದೇ ಇಲ್ಲ ಎಂಬುದು ಅಲ್ಲಿಯ ತೀರ್ಮಾನ.

ಬೋಲ್ಜಾನೊನ ನಿಲುವು ಇನ್ನೊಂದು ಬಗೆಯದು. ಆತನ ಮರಣಾನಂತರ 1851ರಲ್ಲಿ ಪ್ರಕಟವಾದ ಪುಸ್ತಕದಲ್ಲಿ 0ಯಿಂದ 5ರವರೆಗಿನ ಬಿಂದುಗಳನ್ನೂ 0ಯಿಂದ 12ರವರೆಗಿನ ಬಿಂದುಗಳನ್ನೂ ಒಂದಕ್ಕೊಂದು ಹೊಂದಿಸುವ ಸಮೀಕರಣವಿದೆ. ಹೊಂದಿಕೆ ಇರುವುದನ್ನು ಆತ ಒಪ್ಪುತ್ತಾನೆ. ಆದರೆ ಹೊಂದಿಕೆಯಿಂದ ಸಮಾನತೆ ಸಿದ್ಧಿಸುತ್ತದೆ ಎಂಬುದನ್ನು ಒಪ್ಪುವುದಿಲ್ಲ. ಕ್ಯಾಂಟರ್ 1878ರ ಲೇಖನದಲ್ಲಿ ಹೊಂದಿಕೆಯನ್ನೇ ಸಮಾನತೆಯ ವ್ಯಾಖ್ಯೆಯಾಗಿ ಇಟ್ಟ. ‘ಅನಂತದಲ್ಲಿ ಭಾಗವೂ ಇಡಿಯೂ ಸಮ ಎಂದು ಕ್ಯಾಂಟರ್ ಕಂಡುಹಿಡಿದ’ ಎಂಬ ವಾಕ್ಯ ಆದ್ದರಿಂದ ಅಷ್ಟು ನಿಖರವಲ್ಲ. ವಿದ್ಯಮಾನ ಮೊದಲೇ ಗೊತ್ತಿತ್ತು; ಬದಲಾದದ್ದು ವ್ಯಾಖ್ಯೆ.

ಈ ವ್ಯಾಖ್ಯೆಯನ್ನು ಒಪ್ಪಿದ ಮೇಲೆ, ಒಂದು ಜೋಡಣೆಯಲ್ಲಿ ಉಳಿಕೆ ಕಂಡದ್ದು ಏನನ್ನೂ ಸಾಧಿಸುವುದಿಲ್ಲ. ಒಂದು ಗಣ ಇನ್ನೊಂದಕ್ಕಿಂತ ದೊಡ್ಡದು ಎನ್ನಬೇಕಾದರೆ ಯಾವ ರೀತಿ ಜೋಡಿಸಿದರೂ ದೊಡ್ಡದರ ಕಡೆ ಉಳಿಕೆ ಬಂದೇ ಬರಬೇಕು. ‘ಒಂದು ಜೋಡಣೆಯಲ್ಲಿ’ ಮತ್ತು ‘ಯಾವ ಜೋಡಣೆಯಲ್ಲೂ’ ಎಂಬ ಎರಡು ಪದಪುಂಜಗಳ ನಡುವಿನ ಅಂತರ ಮುಂದಿನ ಭಾಗಗಳಲ್ಲಿ ಪದೇ ಪದೇ ಬರುತ್ತದೆ.

ಇದೇ ಅಂಶವನ್ನು ತೋರಿಸಲು ಬಳಸುವ ‘ಹಿಲ್ಬರ್ಟ್ ಹೋಟೆಲ್’ ದೃಷ್ಟಾಂತದ (ಎಲ್ಲ ಕೋಣೆಗಳೂ ಭರ್ತಿಯಾಗಿದ್ದರೂ ಹೊಸ ಅತಿಥಿಗೆ ಜಾಗ ಮಾಡಿಕೊಡಬಲ್ಲ, ಅನಂತ ಕೋಣೆಗಳ ಹೋಟೆಲ್) ಮೂಲವನ್ನು ಹಲವರು 1925ರ ಜೂನ್ 4ರಂದು ಮ್ಯೂನ್‌ಸ್ಟರಿನಲ್ಲಿ ಹಿಲ್ಬರ್ಟ್ ಮಾಡಿದ, 1926ರಲ್ಲಿ ಅಚ್ಚಾದ ಅನಂತದ ಕುರಿತ ಭಾಷಣಕ್ಕೆ ಜೋಡಿಸುತ್ತಾರೆ. ಆ ಪಠ್ಯದಲ್ಲಿ ಹೋಟೆಲ್ ಇಲ್ಲ. ಅದು ಇರುವುದು 1924–25ರ ಚಳಿಗಾಲದ ತರಗತಿ ಉಪನ್ಯಾಸಗಳಲ್ಲಿ. ಅವು ಅಚ್ಚಾದದ್ದು 2013ರಲ್ಲಿ. ನಡುವಿನ ಅವಧಿಯಲ್ಲಿ ಅದನ್ನು ಓದುಗರಿಗೆ ತಲುಪಿಸಿದ್ದು ಮುಖ್ಯವಾಗಿ ಜಾರ್ಜ್ ಗ್ಯಾಮೊನ 1947ರ ಪುಸ್ತಕ. ಆ ಪುಸ್ತಕ 6ನೇ ಭಾಗದಲ್ಲಿ ಬೇರೊಂದು ಕಾರಣಕ್ಕೆ ಮತ್ತೆ ಬರುತ್ತದೆ.

3. 1873ರ ಪತ್ರಗಳು, 1874ರ ಲೇಖನ

‘ವಾಸ್ತವ ಸಂಖ್ಯೆಗಳು ಎಣಿಕೆಗೆ ಒಗ್ಗುವುದಿಲ್ಲ ಎಂಬುದನ್ನು ಕ್ಯಾಂಟರ್ ಕರ್ಣವಾದದಿಂದ ಸಾಧಿಸಿದ.’ ಈ ವಾಕ್ಯ ಮೊದಲ ಸಾಧನೆಗೆ ಸಂಬಂಧಿಸಿದ್ದಾದರೆ ತಪ್ಪು (ಕರ್ಣವಾದದ ವಿವರ 5ನೇ ಭಾಗದಲ್ಲಿದೆ). ಕಾಲಕ್ರಮ ಹೀಗಿದೆ.

1873ರ ನವೆಂಬರ್ 29ರಂದು ಕ್ಯಾಂಟರ್ ಡೆಡೆಕಿಂಡ್‌ಗೆ ಬರೆದ ಪತ್ರದಲ್ಲಿ ಪ್ರಶ್ನೆ ಮಾತ್ರ ಇದೆ: ಸ್ವಾಭಾವಿಕ ಸಂಖ್ಯೆಗಳನ್ನೂ ವಾಸ್ತವ ಸಂಖ್ಯೆಗಳನ್ನೂ ಒಂದಕ್ಕೊಂದು ಹೊಂದಿಸಲು ಸಾಧ್ಯವೇ? ಡೆಡೆಕಿಂಡ್ ಆ ಪ್ರಶ್ನೆಗೆ ಉತ್ತರಿಸಲಾಗದೆ, ಬೀಜೀಯ ಸಂಖ್ಯೆಗಳನ್ನು (ಪೂರ್ಣಾಂಕ ಸಹಗುಣಕಗಳ ಬಹುಪದ ಸಮೀಕರಣಗಳ ಮೂಲಗಳನ್ನು) ಎಣಿಸಬಹುದು ಎಂಬುದರ ಸಾಧನೆಯನ್ನು ಕಳಿಸಿದ. ಡಿಸೆಂಬರ್ 7ರ ಪತ್ರದಲ್ಲಿ ಕ್ಯಾಂಟರನ ಉತ್ತರ, ‘ಸಾಧ್ಯವಿಲ್ಲ’ ಎಂಬುದು, ಸಾಧನೆಯೊಡನೆ ಇದೆ. ಲೇಖನ ಕ್ರೆಲ್ಲೆ ಪತ್ರಿಕೆಯ 77ನೇ ಸಂಪುಟದಲ್ಲಿ (1874, ಪುಟ 258–262) ಬಂತು. ಐದೇ ಪುಟ. ಶೀರ್ಷಿಕೆ ಬೀಜೀಯ ಸಂಖ್ಯೆಗಳ ಒಂದು ಗುಣದ ಬಗ್ಗೆ ಮಾತ್ರ ಹೇಳುತ್ತದೆ. ಇಂದು ನಾವು ಮುಖ್ಯವೆಂದು ಎಣಿಸುವ ಫಲಿತಾಂಶದ ಸುಳಿವು ಅದರಲ್ಲಿಲ್ಲ. ಇದಕ್ಕೆ ಬರ್ಲಿನ್‌ನಲ್ಲಿ ವೈಯರ್‌ಸ್ಟ್ರಾಸ್ ಕೊಟ್ಟ ಸಲಹೆ ಕಾರಣವೆಂಬುದು ಪತ್ರಗಳಿಂದ ತಿಳಿಯುತ್ತದೆ. ಬೀಜೀಯ ಸಂಖ್ಯೆಗಳ ಭಾಗ ಬಹುಮಟ್ಟಿಗೆ ಡೆಡೆಕಿಂಡ್ ಕಳಿಸಿದ್ದೇ ಆಗಿದ್ದರೂ ಲೇಖನದಲ್ಲಿ ಆತನ ಹೆಸರಿಲ್ಲ. ಈ ಪತ್ರವ್ಯವಹಾರವನ್ನು ಎಮ್ಮಿ ನೋಯ್ಟರ್ ಮತ್ತು ಜಾನ್ ಕವಾಯೆಸ್ ಪ್ರಕಟಿಸಿದ್ದು 1937ರಲ್ಲಿ. ಅಂದರೆ ಆರು ದಶಕಗಳಿಗೂ ಹೆಚ್ಚು ಕಾಲ ಓದುಗರ ಮುಂದಿದ್ದದ್ದು ಅಚ್ಚಾದ ಲೇಖನವಷ್ಟೇ.

1874ರ ಸಾಧನೆಯಲ್ಲಿ ಕರ್ಣವಿಲ್ಲ. ಸಂಖ್ಯೆಗಳ ಯಾವುದೇ ಪಟ್ಟಿಯನ್ನೂ ಯಾವುದೇ ಅಂತರಾಳವನ್ನೂ ಕೊಟ್ಟರೆ, ಆ ಅಂತರಾಳದೊಳಗೆ ಪಟ್ಟಿಯಲ್ಲಿಲ್ಲದ ಸಂಖ್ಯೆಯೊಂದನ್ನು ಅದು ಹುಡುಕಿಕೊಡುತ್ತದೆ. ಕ್ರಮ ಸರಳ: ಪಟ್ಟಿಯಲ್ಲಿ ಮುಂದೆ ಸಾಗುತ್ತ, ಅಂತರಾಳದೊಳಗೆ ಬೀಳುವ ಮೊದಲ ಎರಡು ಸಂಖ್ಯೆಗಳನ್ನು ಹೊಸ ಅಂತರಾಳದ ತುದಿಗಳನ್ನಾಗಿ ಮಾಡುವುದು, ಮತ್ತೆ ಅದನ್ನೇ ಮಾಡುವುದು.

ಕೈಲೆಕ್ಕದಲ್ಲೇ ಒಂದು ಉದಾಹರಣೆ ನೋಡಬಹುದು. 0 ಮತ್ತು 1ರ ನಡುವಿನ ಭಾಗಲಬ್ಧ ಸಂಖ್ಯೆಗಳನ್ನು ಛೇದದ ಏರಿಕೆಯ ಕ್ರಮದಲ್ಲಿ, ಒಂದೇ ಛೇದದವನ್ನು ಅಂಶದ ಏರಿಕೆಯ ಕ್ರಮದಲ್ಲಿ ಬರೆಯೋಣ: 1/2, 1/3, 2/3, 1/4, 3/4, 1/5, 2/5, 3/5, ... ಸಂಕ್ಷಿಪ್ತ ರೂಪಗಳು ಮಾತ್ರ. ಮೊದಲ ಸುತ್ತಿನಲ್ಲಿ ಸಿಗುವುದು 1/2 ಮತ್ತು 1/3. ಅವುಗಳ ನಡುವೆ ಬೀಳುವ ಮುಂದಿನ ಎರಡು, 2/5 ಮತ್ತು 3/7. ಅವುಗಳ ನಡುವೆ 5/12 ಮತ್ತು 7/17. ಆಮೇಲೆ 12/29 ಮತ್ತು 17/41. ಐದನೆಯ ಸುತ್ತಿನಲ್ಲಿ 29/70 ಮತ್ತು 41/99. ತುದಿಗಳು ಎರಡೂ ಕಡೆಯಿಂದ ಒತ್ತುತ್ತ ಹೋಗುವುದು 0.41421... ಎಂಬ ಸಂಖ್ಯೆಯ ಕಡೆಗೆ, ಅಂದರೆ 2ರ ವರ್ಗಮೂಲದಲ್ಲಿ 1 ಕಳೆದದ್ದರ ಕಡೆಗೆ. ಅದು ಅಭಾಗಲಬ್ಧ, ಪಟ್ಟಿಯಲ್ಲಿಲ್ಲ.

ಇಲ್ಲಿ ಒಂದು ಪಕ್ಕದ ಮಾತು. ಪಟ್ಟಿಯಲ್ಲಿ ಈ ಸಂಖ್ಯೆಗಳ ಸ್ಥಾನ ಎಣಿಸಿದರೆ ಮೊದಲ ನಾಲ್ಕು ಸುತ್ತುಗಳಲ್ಲಿ ಸಿಗುವುದು 1 ಮತ್ತು 2; 7 ಮತ್ತು 14; 43 ಮತ್ತು 86; 253 ಮತ್ತು 506. ಪ್ರತಿ ಸಲವೂ ಎರಡನೆಯದು ಮೊದಲನೆಯದರ ನಿಖರ ಇಮ್ಮಡಿ. ನಿಯಮವೊಂದು ಸಿಕ್ಕಿತು ಎನಿಸುತ್ತದೆ. ಐದನೆಯ ಸುತ್ತಿನ ಸ್ಥಾನಗಳು 1479 ಮತ್ತು 2969; ಇಮ್ಮಡಿ ಆಗಬೇಕಾದರೆ 2958 ಇರಬೇಕಿತ್ತು. ಸ್ಥಾನವು ಸರಿಸುಮಾರು ಛೇದದ ವರ್ಗದಂತೆ ಬೆಳೆಯುವುದರಿಂದಲೂ, ಎರಡು ಛೇದಗಳ ಅನುಪಾತ 2ರ ವರ್ಗಮೂಲದ ಕಡೆಗೆ ಹೋಗುವುದರಿಂದಲೂ, ಹತ್ತಿರ ಹತ್ತಿರ ಇಮ್ಮಡಿ ಆಗುವುದಕ್ಕೆ ಕಾರಣವಿದೆ. ನಾಲ್ಕು ಸಲ ನಿಖರವಾಗಿ ಆದದ್ದು ಕಾಕತಾಳೀಯ ಎನ್ನಬೇಕು.

ಮೇಲಿನ ಲೆಕ್ಕ ಇನ್ನೊಂದು ತಪ್ಪು ಗ್ರಹಿಕೆಯನ್ನೂ ಮುಟ್ಟುತ್ತದೆ. ಕ್ಯಾಂಟರನ ವಾದ ಬೀಜಾತೀತ (ಅಂದರೆ ಬೀಜೀಯವಲ್ಲದ) ಸಂಖ್ಯೆಗಳು ‘ಇವೆ’ ಎಂದಷ್ಟೇ ತೋರಿಸುತ್ತದೆ, ಒಂದನ್ನೂ ಕೈಗೆ ಕೊಡುವುದಿಲ್ಲ ಎಂದು ಹಲವು ಪುಸ್ತಕಗಳು ಹೇಳುತ್ತವೆ. ಆದರೆ ಭಾಗಲಬ್ಧ ಸಂಖ್ಯೆಗಳ ಜಾಗದಲ್ಲಿ ಬೀಜೀಯ ಸಂಖ್ಯೆಗಳ ಪಟ್ಟಿಯನ್ನಿಟ್ಟರೆ ಇದೇ ಕ್ರಮ ನಿರ್ದಿಷ್ಟವಾದ ಬೀಜಾತೀತ ಸಂಖ್ಯೆಯೊಂದನ್ನು ಅಂಕಿ ಅಂಕಿಯಾಗಿ ಕೊಡುತ್ತದೆ. ರಾಬರ್ಟ್ ಗ್ರೇ 1994ರಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾನೆ. ಗಣಗಳ ಗಾತ್ರವನ್ನು ಹೋಲಿಸಿ ‘ಆದ್ದರಿಂದ ಉಳಿದವು ಇರಲೇಬೇಕು’ ಎನ್ನುವ ರೂಪ ನಂತರದ ಬೋಧನಾಕ್ರಮದ್ದು ಎಂದು ತೋರುತ್ತದೆ. 1874ರ ಲೇಖನದ ರೂಪ ಅದಲ್ಲ.

4. 1877ರ ಜೂನ್

ಚೌಕದ ಬಿಂದುಗಳನ್ನೂ ರೇಖೆಯ ಬಿಂದುಗಳನ್ನೂ ಒಂದಕ್ಕೊಂದು ಹೊಂದಿಸಬಹುದು ಎಂಬ ಫಲಿತಾಂಶದ ಬಗ್ಗೆ, ಕಾಣುತ್ತಿದೆ ಆದರೆ ನಂಬಲಾಗುತ್ತಿಲ್ಲ ಎಂಬರ್ಥದ ಫ್ರೆಂಚ್ ಮಾತೊಂದನ್ನು ಕ್ಯಾಂಟರ್ ಡೆಡೆಕಿಂಡ್‌ಗೆ ಬರೆದದ್ದು ಪ್ರಸಿದ್ಧ. ತನ್ನ ಪ್ರಮೇಯವನ್ನು ಕಂಡು ತಾನೇ ಬೆರಗಾದ ಎಂಬುದು ರೂಢಿಯ ಅರ್ಥ. ದಿನಾಂಕಗಳನ್ನು ಕ್ರಮವಾಗಿ ಇಟ್ಟು ನೋಡಿದರೆ ಬೇರೆ ಅರ್ಥವೂ ಸಾಧ್ಯ.

ಜೂನ್ 20ರಂದು ಕ್ಯಾಂಟರ್ ಕಳಿಸಿದ ಸಾಧನೆಯಲ್ಲಿ ಎರಡು ದಶಮಾಂಶಗಳ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಹೆಣೆದು ಮೂರನೆಯ ದಶಮಾಂಶವನ್ನು ಮಾಡಲಾಗಿತ್ತು. 0.1000... ಮತ್ತು 0.0999... ಒಂದೇ ಸಂಖ್ಯೆಯಾದ್ದರಿಂದ, ಸೊನ್ನೆಗಳಲ್ಲಿ ಮುಗಿಯುವ ರೂಪವನ್ನು ಬಳಸಬಾರದೆಂದು ನಿಯಮ ಹಾಕಬೇಕಾಗುತ್ತದೆ. ಆಗ 0.1 ಮತ್ತು 0.222... ಎಂಬ ಜೋಡಿಗೆ ಸಿಗುವುದು 0.02929292... ಆದರೆ ರೇಖೆಯ ಮೇಲೆ 0.12020202... ಎಂಬ ಬಿಂದುವೂ ಇದೆ. ಅದನ್ನು ಬಿಡಿಸಿದರೆ ಮೊದಲ ಭಾಗ 0.1000... ಆಗುತ್ತದೆ, ನಿಯಮ ಅದನ್ನು ನಿಷೇಧಿಸಿದೆ. ಹೀಗೆ ರೇಖೆಯ ಕಡೆ ಉಳಿಕೆ ಬರುತ್ತದೆ. ಜೂನ್ 22ರ ಪತ್ರದಲ್ಲಿ ಡೆಡೆಕಿಂಡ್ ಎತ್ತಿ ತೋರಿಸಿದ್ದು ಇಂಥ ಸಂಖ್ಯೆಗಳನ್ನೇ. (ಮೇಲಿನ ಅಂಕಿಗಳು ಈ ಟಿಪ್ಪಣಿಗಾಗಿ ಆರಿಸಿದವು.) ಜೂನ್ 25ರಂದು ಕ್ಯಾಂಟರ್ ದಶಮಾಂಶಗಳನ್ನು ಬಿಟ್ಟು, ಮುಂದುವರಿದ ಭಿನ್ನರಾಶಿಗಳನ್ನು ಬಳಸಿದ, ಸಾಕಷ್ಟು ಜಟಿಲವಾದ ಹೊಸ ಸಾಧನೆಯನ್ನು ಕಳಿಸಿದ. ಪ್ರಸಿದ್ಧ ಮಾತು ಇರುವುದು ಜೂನ್ 29ರ ಪತ್ರದಲ್ಲಿ. ಆಗಿನ್ನೂ ಎರಡನೆಯ ಸಾಧನೆಯ ಬಗ್ಗೆ ಡೆಡೆಕಿಂಡ್‌ನ ಅಭಿಪ್ರಾಯ ಬಂದಿರಲಿಲ್ಲ. ಜುಲೈ 2ರಂದು ಬಂತು.

ನಂಬಲಾಗದ್ದು ಪ್ರಮೇಯವನ್ನಲ್ಲ, ಒಮ್ಮೆ ಮುರಿದು ಬಿದ್ದು ಮತ್ತೆ ಕಟ್ಟಿದ ಸಾಧನೆಯನ್ನು ಎಂದು ಫೆರ್ನಾಂಡೊ ಗೊವೇಯಾ 2011ರಲ್ಲಿ ವಾದಿಸಿದ್ದಾನೆ. ವಾದ ಬಹುಮಟ್ಟಿಗೆ ಒಪ್ಪುವಂಥದು. ಪೂರ್ತಿ ಅಲ್ಲ, ಏಕೆಂದರೆ ಅದೇ ಪತ್ರದಲ್ಲಿ ಕ್ಯಾಂಟರ್ ವಿಷಯವೇ ತನಗೆ ಅನಿರೀಕ್ಷಿತ, ಹೊಸತು ಎಂದೂ ಹೇಳುತ್ತಾನೆ.

ಇಲ್ಲಿ ಗಮನಿಸಬೇಕಾದದ್ದು, ಜೂನ್ 20ರ ಜೋಡಣೆಯ ಉಳಿಕೆ ವಾಸ್ತವದಲ್ಲಿ ಅಡ್ಡಿಯೇ ಆಗಬೇಕಿರಲಿಲ್ಲ. ಒಂದು ಗಣ ಇನ್ನೊಂದರೊಳಗೆ ಹಿಡಿದರೆ, ಇನ್ನೊಂದು ಇದರೊಳಗೆ ಹಿಡಿದರೆ, ಎರಡೂ ಒಂದಕ್ಕೊಂದು ಹೊಂದುತ್ತವೆ ಎಂಬ ಪ್ರಮೇಯವಿದ್ದಿದ್ದರೆ ಹೆಣಿಗೆಯ ಸಾಧನೆಯೇ ಸಾಕಾಗುತ್ತಿತ್ತು. 1877ರಲ್ಲಿ ಆ ಪ್ರಮೇಯ ಯಾರ ಕೈಯಲ್ಲೂ ಇರಲಿಲ್ಲ. ಡೆಡೆಕಿಂಡ್ ಅದನ್ನು 1887ರ ಜುಲೈನಲ್ಲಿ ಸಾಧಿಸಿ ಅಪ್ರಕಟಿತವಾಗಿಯೇ ಇಟ್ಟ. 1896ರಲ್ಲಿ ಶ್ರೋಡರ್ ಕೊಟ್ಟ ಸಾಧನೆಯಲ್ಲಿ ದೋಷವಿತ್ತು. ಫೆಲಿಕ್ಸ್ ಬರ್ನ್‌ಸ್ಟೈನ್‌ನ 1897ರ ಸಾಧನೆ ಬೋರೆಲ್‌ನ 1898ರ ಪುಸ್ತಕದಲ್ಲಿ ಅಚ್ಚಾಯಿತು. ಇಂದಿಗೂ ಪ್ರಮೇಯ ಓಡಾಡುವುದು ಕ್ಯಾಂಟರ್, ಬರ್ನ್‌ಸ್ಟೈನ್, ಶ್ರೋಡರ್ ಎಂಬ ಹೆಸರುಗಳ ನಾನಾ ಜೋಡಣೆಗಳಲ್ಲಿ. ಡೆಡೆಕಿಂಡ್‌ನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

5. 1891: ಮ ಮತ್ತು ವ

ಕರ್ಣವಾದ ಬಂದದ್ದು 1874ರ ಲೇಖನವಾಗಿ ಹದಿನೇಳು ವರ್ಷಗಳ ಮೇಲೆ, ಜರ್ಮನ್ ಗಣಿತ ಸಂಘದ ವಾರ್ಷಿಕ ವರದಿಯ ಮೊದಲ ಸಂಪುಟದಲ್ಲಿ (ಪುಟ 75–78). ಮೂಲಪಠ್ಯವನ್ನು ಇಂದಿನ ಪಾಠದೊಡನೆ ಹೋಲಿಸಿದರೆ ಕನಿಷ್ಠ ಮೂರು ವ್ಯತ್ಯಾಸಗಳು ಕಾಣುತ್ತವೆ.

ಮೊದಲನೆಯದು, ಅದು ದಶಮಾಂಶಗಳ ಬಗ್ಗೆ ಅಲ್ಲ, ಸಂಖ್ಯೆಗಳ ಬಗ್ಗೆಯೂ ಅಲ್ಲ. ಎರಡು ಅಕ್ಷರಗಳ (ಕನ್ನಡದಲ್ಲಿ ‘ಮ’ ಮತ್ತು ‘ವ’ ಎನ್ನೋಣ) ಮುಗಿಯದ ಸಾಲುಗಳ ಬಗ್ಗೆ: ಮಮಮಮ..., ವವವವ..., ಮವಮವ... ಇತ್ಯಾದಿ. ಇಂಥ ಸಾಲುಗಳ ಯಾವುದೇ ಪಟ್ಟಿಯನ್ನು ಕೊಟ್ಟರೂ, ಒಂದನೆಯ ಸಾಲಿನ ಒಂದನೆಯ ಅಕ್ಷರ, ಎರಡನೆಯದರ ಎರಡನೆಯ ಅಕ್ಷರ ಹೀಗೆ ಓರೆಗೆರೆಯಲ್ಲಿ (ಕರ್ಣದಲ್ಲಿ) ಇಳಿಯುತ್ತ ‘ಮ’ ಇದ್ದಲ್ಲಿ ‘ವ’, ‘ವ’ ಇದ್ದಲ್ಲಿ ‘ಮ’ ಬರೆದರೆ ಪಟ್ಟಿಯಲ್ಲಿಲ್ಲದ ಸಾಲು ಸಿಗುತ್ತದೆ. ಅಭಾಗಲಬ್ಧ ಸಂಖ್ಯೆಗಳನ್ನು ಅವಲಂಬಿಸದ ಸಾಧನೆ ಇದು ಎಂದು ಕ್ಯಾಂಟರ್ ಆರಂಭದಲ್ಲೇ ಹೇಳುತ್ತಾನೆ.

ಈ ವ್ಯತ್ಯಾಸ ಬರಿಯ ಇತಿಹಾಸದ ವಿವರವಲ್ಲ. ‘ಮ’, ‘ವ’ಗಳ ಜಾಗದಲ್ಲಿ 0, 1 ಇಟ್ಟು, ಸಾಲನ್ನು ದ್ವಿಮಾನ ಭಿನ್ನರಾಶಿಯಾಗಿ ಓದಿದರೆ ವಾದ ಎಡವುವುದನ್ನು ಕಣ್ಣಾರೆ ನೋಡಬಹುದು. ಪಟ್ಟಿ ಹೀಗಿರಲಿ: 1/2, 1/8, 1/16, 1/32, ... ದ್ವಿಮಾನದಲ್ಲಿ 0.1000..., 0.00100..., 0.000100..., 0.0000100... ಕರ್ಣದ ಅಂಕಿಗಳು 1, 0, 0, 0, ...; ತಿರುಗಿಸಿದರೆ 0, 1, 1, 1, ... ಅಂದರೆ 0.0111... ಅದರ ಬೆಲೆ 1/2. ಪಟ್ಟಿಯ ಮೊದಲನೆಯದೇ. ಸಾಲು ಹೊಸತು, ಸಂಖ್ಯೆ ಹಳೆಯದು. ಶಾಲಾ ಪಾಠದಲ್ಲಿ ದಶಮಾಂಶ ಬಳಸಿ 0 ಮತ್ತು 9ನ್ನು ತಪ್ಪಿಸಿ ಅಂಕಿ ಬದಲಿಸುವುದು ಈ ಕಾರಣಕ್ಕೆ. ಆ ಎಚ್ಚರಿಕೆಯನ್ನು ಬಿಟ್ಟು ಬರೆದ ಪುಸ್ತಕಗಳೂ ಇವೆ. 1877ರಲ್ಲಿ ಡೆಡೆಕಿಂಡ್ ಕಂಡ ತೊಡಕೂ ಇದೂ ಮೂಲದಲ್ಲಿ ಒಂದೇ. 1891ರಲ್ಲಿ ಕ್ಯಾಂಟರ್ ಅಕ್ಷರಗಳನ್ನು ಆರಿಸಿದ್ದಕ್ಕೆ ಆ ಹಳೆಯ ಅನುಭವ ಕಾರಣವಿರಬಹುದು, ಇದು ಊಹೆಯಷ್ಟೇ.

ಎರಡನೆಯದು, ‘ಎಲ್ಲವನ್ನೂ ಪಟ್ಟಿ ಮಾಡಿದ್ದೇವೆ ಎಂದುಕೊಳ್ಳೋಣ’ ಎಂದು ಶುರುವಾಗಿ ವೈರುಧ್ಯಕ್ಕೆ ಮುಟ್ಟುವ ರೂಪ ಮೂಲದಲ್ಲಿ ಪ್ರಧಾನವಲ್ಲ. ಮೊದಲು ನೇರ ಹೇಳಿಕೆ ಇದೆ: ಯಾವುದೇ ಪಟ್ಟಿಗೂ ಅದರಲ್ಲಿಲ್ಲದ ಸಾಲೊಂದಿದೆ. ವೈರುಧ್ಯದ ಮಾತು ಕೊನೆಯಲ್ಲಿ, ಅದರ ಅನುಸಿದ್ಧಾಂತವಾಗಿ ಬರುತ್ತದೆ. ಬಹಳ ಸಲ ಕೇಳಿಬರುವ ‘ಬಿಟ್ಟುಹೋದ ಸಾಲನ್ನು ಪಟ್ಟಿಗೆ ಸೇರಿಸಿಬಿಟ್ಟರಾಯಿತಲ್ಲ’ ಎಂಬ ಆಕ್ಷೇಪಕ್ಕೆ ಪಾಠದ ರೂಪವೇ ಸ್ವಲ್ಪಮಟ್ಟಿಗೆ ಹೊಣೆ ಎಂದು ತೋರುತ್ತದೆ. ವೈರುಧ್ಯದ ರೂಪದಲ್ಲಿ ಕಣ್ಣೆದುರು ಇರುವುದು ಒಂದೇ ಪಟ್ಟಿ. ಒಂದು ತೂತು ಕಂಡರೆ ಮುಚ್ಚುವ ಮನಸ್ಸಾಗುವುದು ಸಹಜ. ಸೇರಿಸಿದ ಮೇಲೆ ಆಗುವುದು ಇನ್ನೊಂದು ಪಟ್ಟಿ, ಅದಕ್ಕೂ ಹೇಳಿಕೆ ಅನ್ವಯಿಸುತ್ತದೆ. ‘ಯಾವುದೇ ಪಟ್ಟಿಗೂ’ ಎಂಬ ಮಾತು ಮುಂದೆ ನಿಂತಾಗ ಈ ಆಕ್ಷೇಪಕ್ಕೆ ಎಡೆಯಿಲ್ಲ.

ಮೂರನೆಯದು, ಲೇಖನದ ಕೊನೆಯ ಭಾಗ. 0ಯಿಂದ 1ರವರೆಗಿನ ಅಂತರಾಳದ ಮೇಲೆ 0 ಅಥವಾ 1 ಎಂಬ ಎರಡೇ ಬೆಲೆಗಳನ್ನು ಪಡೆಯುವ ಉತ್ಪನ್ನಗಳ ಗಣ ಆ ಅಂತರಾಳಕ್ಕಿಂತ ದೊಡ್ಡದು ಎಂದು ಅದು ತೋರಿಸುತ್ತದೆ. ಇಂದು ‘ಉಪಗಣಗಳ ಗಣ’ದ ಪ್ರಮೇಯ ಎಂದು ಕರೆಯುವುದರ ತಿರುಳು ಇದೇ ಆದರೂ, ಉಪಗಣಗಳ ಭಾಷೆ ಅಲ್ಲಿಲ್ಲ. ಕರ್ಣದ ಉಪಾಯವೂ ತೀರ ಮೊದಲ ಬಾರಿಗೆ ಇಲ್ಲೇ ಬಂತು ಎನ್ನಲಾಗದು: ಪೌಲ್ ದು ಬ್ವಾ-ರೇಮೊಂ 1875ರಲ್ಲಿ ಉತ್ಪನ್ನಗಳ ಬೆಳವಣಿಗೆಯ ವೇಗವನ್ನು ಹೋಲಿಸುವಾಗ ಬಹಳ ಹತ್ತಿರದ ಉಪಾಯವನ್ನು ಬಳಸಿದ್ದಾನೆ. ಉದ್ದೇಶ ಬೇರೆಯಾಗಿತ್ತು.

6. ಅಲೆಫ್-ಒಂದು

ಅಲೆಫ್ ಸಂಕೇತ ಕ್ಯಾಂಟರನ 1895ರ ಲೇಖನದ್ದು. ಅಲೆಫ್-ಸೊನ್ನೆ ಸ್ವಾಭಾವಿಕ ಸಂಖ್ಯೆಗಳ ಕಾರ್ಡಿನಲ್ ಸಂಖ್ಯೆ, ಅಂದರೆ ಆ ಗಣದ ಗಾತ್ರವನ್ನು ಹೇಳುವ ಸಂಖ್ಯೆ. ಅದರ ನಂತರದ ಮೊದಲ ದೊಡ್ಡ ಕಾರ್ಡಿನಲ್ ಅಲೆಫ್-ಒಂದು. ವಾಸ್ತವ ಸಂಖ್ಯೆಗಳ ಕಾರ್ಡಿನಲ್ ಅಲೆಫ್-ಒಂದೇ ಆಗಿದೆ ಎಂಬುದು ವ್ಯಾಖ್ಯೆಯಲ್ಲ, ಪ್ರಮೇಯವೂ ಅಲ್ಲ. ಅದು ಸಾತತ್ಯ ಊಹೆ, 1878ರ ಲೇಖನದ ಕೊನೆಯಲ್ಲಿ ಬೇರೆ ಮಾತುಗಳಲ್ಲಿ ಕಾಣುವಂಥದು.

ಗ್ಯಾಮೊನ 1947ರ ಪುಸ್ತಕ ಬಿಂದುಗಳ ಸಂಖ್ಯೆ ಅಲೆಫ್-ಒಂದು, ವಕ್ರರೇಖೆಗಳ ಸಂಖ್ಯೆ ಅಲೆಫ್-ಎರಡು ಎಂದು ಸಿದ್ಧವಾದ ಸಂಗತಿಯಂತೆ ಹೇಳುತ್ತದೆ. ಇದರಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು ಪ್ರಸಿದ್ಧ. ಎರಡನೆಯದರ ಕಡೆ ಅಷ್ಟು ಗಮನ ಹೋದಂತಿಲ್ಲ: ವಕ್ರರೇಖೆ ಎಂದರೆ ಅವಿಚ್ಛಿನ್ನ ರೇಖೆ ಎಂದಾದರೆ, ಭಾಗಲಬ್ಧ ಸ್ಥಾನಗಳಲ್ಲಿ ಅದರ ಬೆಲೆ ಗೊತ್ತಾದರೆ ಉಳಿದೆಲ್ಲ ಕಡೆ ಗೊತ್ತಾದಂತೆ. ಆದ್ದರಿಂದ ಅಂಥ ರೇಖೆಗಳು ಬಿಂದುಗಳಿಗಿಂತ ಹೆಚ್ಚಿಲ್ಲ. ಎರಡರ ಕಾರ್ಡಿನಲ್ ಒಂದೇ. ಸಾತತ್ಯ ಊಹೆಯನ್ನು ಒಪ್ಪಿಕೊಂಡರೂ ಈ ಎರಡನೆಯ ಹೇಳಿಕೆ ನಿಲ್ಲುವುದಿಲ್ಲ.

ಅದೇ 1947ರಲ್ಲಿ ಗೋಡೆಲ್ ಅಮೆರಿಕದ ಗಣಿತ ಮಾಸಿಕವೊಂದರಲ್ಲಿ ಸಾತತ್ಯ ಸಮಸ್ಯೆ ಎಂದರೇನು ಎಂಬುದನ್ನು ವಿವರಿಸಿ, ಅದು ಇನ್ನೂ ತೆರೆದಿದೆ ಎಂದು ಬರೆದ. ರೂಢಿಯ ಆಧಾರಸೂತ್ರಗಳಿಂದ ಊಹೆಯನ್ನು ಅಲ್ಲಗಳೆಯಲಾಗದು ಎಂಬುದು ಗೋಡೆಲ್‌ನ 1938ರ ಫಲಿತಾಂಶ. ಸಾಧಿಸಲೂ ಆಗದು ಎಂಬುದು ಪಾಲ್ ಕೋಹೆನ್‌ನ 1963ರ ಫಲಿತಾಂಶ. ಎರಡೂ ಆ ಸೂತ್ರಗಳು ಪರಸ್ಪರ ವಿರೋಧಿಸುವುದಿಲ್ಲ ಎಂಬ ಷರತ್ತಿಗೆ ಒಳಪಟ್ಟವು.

7. ಒಮೆಗಾ

ಒಮೆಗಾ ಮತ್ತು ಅಲೆಫ್-ಸೊನ್ನೆ ಒಂದೇ ಅಲ್ಲ. ಒಮೆಗಾ 1, 2, 3, ... ಎಂಬ ಸಾಲಿನ ಆರ್ಡಿನಲ್, ಅಂದರೆ ಅದರ ಕ್ರಮವನ್ನು ಅಳೆಯುವಂಥದು. ಸಾಲಿನ ಆರಂಭಕ್ಕೆ ಒಂದನ್ನು ಸೇರಿಸಿದರೆ (1 + ಒಮೆಗಾ) ಕ್ರಮ ಬದಲಾಗುವುದಿಲ್ಲ. ಸಾಲೆಲ್ಲ ಮುಗಿದ ಮೇಲೆ ಒಂದನ್ನು ಇಟ್ಟರೆ (ಒಮೆಗಾ + 1) ಬದಲಾಗುತ್ತದೆ. ವಾಲಿಸ್ 1655ರಲ್ಲಿ ತಂದ ಮಲಗಿದ ಎಂಟಿನ ಚಿಹ್ನೆ ಇವೆರಡರಲ್ಲಿ ಯಾವುದೂ ಅಲ್ಲ.

ಮೂಲಗಳನ್ನು ಓದುವವರಿಗೆ ಒಂದು ಎಚ್ಚರಿಕೆ: ಗುಣಾಕಾರದ ಬರವಣಿಗೆಯನ್ನು ಕ್ಯಾಂಟರ್ ನಡುವೆ ತಿರುವಿದ್ದಾನೆ. 1883ರ ಗ್ರಂಥದಲ್ಲಿ ‘2 ಒಮೆಗಾ’ ಎಂದರೆ ಒಮೆಗಾ + ಒಮೆಗಾ. 1897ರ ಲೇಖನದಲ್ಲಿ ಅದನ್ನು ‘ಒಮೆಗಾ 2’ ಎಂದು ಬರೆಯಬೇಕು. ‘2 ಒಮೆಗಾ’ ಬರಿಯ ಒಮೆಗಾ. ವರ್ಷ ನೋಡದೆ ಸೂತ್ರ ಎತ್ತಿಕೊಂಡರೆ ಹೇಳಿಕೆ ತಲೆಕೆಳಗಾಗುತ್ತದೆ.

8. ಸಂಖ್ಯಾತ, ಅಸಂಖ್ಯಾತ, ಅನಂತ

1ನೇ ಭಾಗದಲ್ಲಿ ಬಿಟ್ಟ ‘ಅಸಂಖ್ಯಾತ’ ಪದಕ್ಕೆ ಈಗ ಬರಬಹುದು. ಜೈನ ಗ್ರಂಥಗಳು ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸುತ್ತವೆ. ಸಂಖ್ಯಾತದಲ್ಲಿ ಜಘನ್ಯ (ಅತಿ ಸಣ್ಣ), ಮಧ್ಯಮ, ಉತ್ಕೃಷ್ಟ (ಅತಿ ದೊಡ್ಡ) ಎಂಬ ಮೂರು, ಉಳಿದೆರಡರಲ್ಲಿ ಮೂರು ಮೂರು ಒಳಭೇದಗಳಿದ್ದು ಪ್ರತಿಯೊಂದಕ್ಕೂ ಮತ್ತೆ ಆ ಮೂರು, ಒಟ್ಟು 21. ಅನುಯೋಗದ್ವಾರ ಸೂತ್ರದಲ್ಲೂ, ಚಾವುಂಡರಾಯನ ಸಮಕಾಲೀನನಾದ ನೇಮಿಚಂದ್ರನ ತ್ರಿಲೋಕಸಾರದಲ್ಲೂ ಈ ಬಗೆಯ ವಿಂಗಡಣೆಯ ವಿವರಣೆಯಿದೆ. ಉತ್ಕೃಷ್ಟ ಸಂಖ್ಯಾತವೇ ಕ್ಯಾಂಟರನ ಅಲೆಫ್-ಸೊನ್ನೆ ಎಂಬ ಸಮೀಕರಣ ಗಣಿತದ ಕೆಲವು ಇತಿಹಾಸ ಗ್ರಂಥಗಳಲ್ಲಿ ಸಿಗುತ್ತದೆ.

ಈ ಸಮೀಕರಣ ನಿಲ್ಲುವುದು ಕಷ್ಟ. ಗ್ರಂಥಗಳ ಪ್ರಕಾರ ಉತ್ಕೃಷ್ಟ ಸಂಖ್ಯಾತಕ್ಕೆ 1 ಸೇರಿಸಿದರೆ ಜಘನ್ಯ ಪರೀತ ಅಸಂಖ್ಯಾತ (ಅಸಂಖ್ಯಾತದ ಮೊದಲ ಒಳಭೇದದಲ್ಲಿ ಅತಿ ಸಣ್ಣದು) ಸಿಗುತ್ತದೆ. ಉತ್ಕೃಷ್ಟ ಸಂಖ್ಯಾತ ಅಲೆಫ್-ಸೊನ್ನೆ ಆಗಿದ್ದರೆ, 1 ಸೇರಿಸಿದರೂ ಅದು ಅದೇ ಆಗಿರುತ್ತಿತ್ತು. ಹೊಸ ವರ್ಗ ಹುಟ್ಟುತ್ತಿರಲಿಲ್ಲ. ಅದು ಪರಿಮಿತವಾಗಿದ್ದರೆ, 1 ಸೇರಿಸಿದ್ದೂ ಪರಿಮಿತವೇ. ಲಕ್ಷ ಯೋಜನ ವ್ಯಾಸ, ಸಾವಿರ ಯೋಜನ ಆಳದ ಕುಂಡಗಳಲ್ಲಿ ಸಾಸಿವೆ ತುಂಬಿ, ದ್ವೀಪಕ್ಕೊಂದು ಸಮುದ್ರಕ್ಕೊಂದು ಕಾಳು ಹಾಕುತ್ತ ಹೋಗುವ ಪ್ರಸಿದ್ಧ ವಿವರಣೆ ಕೂಡ ಎರಡನೆಯದನ್ನೇ ಬೆಂಬಲಿಸುತ್ತದೆ: ಊಹೆಗೆ ನಿಲುಕದಷ್ಟು ದೊಡ್ಡದು, ಆದರೂ ಪರಿಮಿತ. ‘ಅಸಂಖ್ಯಾತ’ವನ್ನು ಎಣಿಕೆಗೆ ಒಗ್ಗದ ಗಣಕ್ಕೆ ಕನ್ನಡ ಪದವಾಗಿ ಬಳಸಿದರೆ ಈ ಗೊಂದಲ ನೇರ ಒಳಗೆ ಬರುತ್ತದೆ.

ವಾದದ ಮಿತಿಯನ್ನೂ ಹೇಳಬೇಕು. ಇದು ಸಂಖ್ಯಾತ ಮತ್ತು ಅಸಂಖ್ಯಾತಗಳ ಗಡಿಗೆ ಮಾತ್ರ ಸಂಬಂಧಿಸಿದ್ದು. ಅಲ್ಲಿಂದ ಮುಂದೆ ವರ್ಗಿತ-ಸಂವರ್ಗಿತ ಎಂಬ ಕ್ರಿಯೆ (ಸಂಖ್ಯೆಯನ್ನು ಅದೇ ಘಾತಕ್ಕೆ ಏರಿಸುವುದು) ಬರುತ್ತದೆ. 2ರಿಂದ ಶುರುಮಾಡಿದರೆ ಮೊದಲ ಸಲ 4, ಎರಡನೆಯ ಸಲ 256, ಮೂರನೆಯ ಸಲ 617 ಅಂಕಿಗಳ ಸಂಖ್ಯೆ. ಈ ಕ್ರಿಯೆಯೂ ಪರಿಮಿತದಿಂದ ಹೊರಗೆ ಒಯ್ಯುವುದಿಲ್ಲ. ಆದರೆ ಅನಂತದ ಕಡೆ ಸಾಗುವಾಗ ಲೋಕಾಕಾಶದ ಪ್ರದೇಶಗಳಂಥ ತತ್ತ್ವಶಾಸ್ತ್ರೀಯ ರಾಶಿಗಳನ್ನೂ ಕೂಡಿಸಲಾಗುತ್ತದೆ. ಅವುಗಳ ಗಾತ್ರ ಅಂಕಗಣಿತದಿಂದ ನಿರ್ಧಾರವಾಗುವಂಥದಲ್ಲ.

9. ಧವಲಾದ ಜೋಡಣೆ

ಷಟ್ಖಂಡಾಗಮ ಎಂಬ ಜೈನ ಗ್ರಂಥದ ಮೇಲೆ ವೀರಸೇನ ಬರೆದ ಧವಲಾ ಟೀಕೆಯ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 816 ಎನ್ನುತ್ತಾರೆ, ಇನ್ನೂ ಹಿಂದಕ್ಕೆ ಒಯ್ಯುವ ವಾದವೂ ಇದೆ. ಅದರ ತಾಳೆಗರಿ ಪ್ರತಿಗಳು ಉಳಿದು ಬಂದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಹೀರಾಲಾಲ್ ಜೈನ್ ಸಂಪಾದಿಸಿದ ಮುದ್ರಣ 1939ರಲ್ಲಿ ಅಮರಾವತಿಯಿಂದ ಆರಂಭವಾಯಿತು. 1942ರ ನಾಲ್ಕನೆಯ ಸಂಪುಟದಲ್ಲಿ ಲಖನೌದ ಅವಧೇಶ್ ನಾರಾಯಣ್ ಸಿಂಗ್ ಅದರ ಗಣಿತದ ಬಗ್ಗೆ ಬರೆದ ಲೇಖನವಿದೆ.

ಸಿಂಗ್ ಎತ್ತಿ ತೋರಿಸಿದ ಒಂದು ಪ್ರಸಂಗ ಈ ಟಿಪ್ಪಣಿಗೆ ನೇರವಾಗಿ ಸಂಬಂಧಿಸಿದ್ದು. ಮಿಥ್ಯಾದೃಷ್ಟಿ (ತಪ್ಪು ನಂಬಿಕೆಯ) ಜೀವಗಳ ರಾಶಿ ಎಷ್ಟು ದೊಡ್ಡದು ಎಂಬುದನ್ನು ತೋರಿಸಲು, ಒಂದು ಕಡೆ ಕಳೆದುಹೋದ ಅನಂತಾನಂತ ಅವಸರ್ಪಿಣಿ-ಉತ್ಸರ್ಪಿಣಿಗಳ (ಇಳಿಯುವ ಮತ್ತು ಏರುವ ಕಾಲಚಕ್ರದ ಅರ್ಧಗಳ) ಸಮಯಗಳನ್ನೂ, ಅಂದರೆ ಕಾಲದ ಅತಿ ಸಣ್ಣ ಘಟಕಗಳನ್ನೂ, ಇನ್ನೊಂದು ಕಡೆ ಆ ಜೀವಗಳನ್ನೂ ಇಟ್ಟು, ಎರಡೂ ಕಡೆಯಿಂದ ಒಂದೊಂದನ್ನು ತೆಗೆಯುತ್ತ ಹೋಗಬೇಕು. ಸಮಯಗಳು ತೀರುತ್ತವೆ, ಜೀವಗಳು ತೀರುವುದಿಲ್ಲ ಎಂಬುದು ಟೀಕೆಯ ಮಾತು. ಎಣಿಸದೆ, ಜೋಡಿಸಿ ಹೋಲಿಸುವ ಉಪಾಯ ಇಷ್ಟು ಸ್ಪಷ್ಟವಾಗಿ, ಇಷ್ಟು ಹಿಂದೆ ಸಿಗುವುದು ಗಮನಾರ್ಹ. ಸಿಂಗ್ ಇದನ್ನು ಆಧುನಿಕ ಕಾರ್ಡಿನಲ್ ಸಿದ್ಧಾಂತದ ತಳಹದಿಗೆ ಹೋಲಿಸಿದ್ದು ಆ ಮಟ್ಟಿಗೆ ಸರಿ.

ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಗುರುತಿಸಬೇಕು. ಟೀಕೆಯಲ್ಲಿ ವರ್ಣಿತವಾಗಿರುವುದು ಒಂದು ಜೋಡಣೆ. ಅದರ ಉಳಿಕೆಯಿಂದಲೇ ಒಂದು ರಾಶಿ ಹೆಚ್ಚಿನದೆಂಬ ನಿರ್ಣಯ. ಎರಡೂ ರಾಶಿಗಳು ಎಣಿಸಬಲ್ಲವು ಎಂದು ಇಟ್ಟುಕೊಂಡರೆ, ಮೊದಲ ಜೀವಕ್ಕೆ ಎರಡನೆಯ ಸಮಯ, ಎರಡನೆಯ ಜೀವಕ್ಕೆ ನಾಲ್ಕನೆಯ ಸಮಯ ಎಂದು ಕೊಡುತ್ತ ಹೋದರೆ ಉಳಿಕೆ ಸಮಯಗಳ ಕಡೆ ಬರುತ್ತದೆ. ಇನ್ನೊಂದು ವ್ಯತ್ಯಾಸ ‘ತೀರುತ್ತವೆ’ ಎಂಬ ಕ್ರಿಯಾಪದದಲ್ಲಿದೆ. ತೆಗೆಯುವ ಕೆಲಸ ಒಂದಾದ ಮೇಲೊಂದರಂತೆ ನಡೆಯುವಂಥದು. ಒಂದು ಕಡೆ ತೀರಿತು ಎನ್ನುವ ಘಳಿಗೆ ಬರಬೇಕಾದರೆ ಆ ಕಡೆ ಇದ್ದದ್ದು ಪರಿಮಿತವಾಗಿರಬೇಕು. 1878ರ ವ್ಯಾಖ್ಯೆಯಲ್ಲಿ ತೆಗೆಯುವ ಕೆಲಸವಿಲ್ಲ, ಘಳಿಗೆಯೂ ಇಲ್ಲ. ಯಾವುದಕ್ಕೆ ಯಾವುದು ಎಂದು ಹೇಳುವ ನಿಯಮ ಮಾತ್ರ ಇದೆ.